ಹರಿಹರದ ಕಂಬ, ಮಸ್ಕತ್ತಿನ ಲೇತು

ಸಮ್ಮೇಳನದ ಸ್ಮರಣ ಸಂಚಿಕೆಗೆ ಇತಿಹಾಸಕ್ಕೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಬಹಳ ಹಿಂಜರಿದೆ. ಬಿ.ಎ. ತರಗತಿಯಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿದ್ದೆನೆಂಬುದು ನಿಜ. ಆದರೆ ಅನಂತರದ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಮಸ್ಕತ್ತಿನಲ್ಲಿ ಗೃಹಿಣಿಯಾಗಿ ಕಳೆದವಳು ನಾನು. ಕದಂಬರು, ಚಾಲುಕ್ಯರು, ವಿಜಯನಗರದ ಅರಸರು ಇವರನ್ನು ಕುರಿತು ಅಧಿಕಾರವಾಣಿಯಿಂದ ಬರೆಯಬಲ್ಲ ವಿದ್ವಾಂಸರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದ್ದರಿಂದ ಅವರಾರೂ ಆರಿಸಿಕೊಳ್ಳಲಾರದ ವಿಷಯವೊಂದನ್ನು ನಾನು ಆರಿಸಿಕೊಂಡಿದ್ದೇನೆ. ಅದು ಲೋಹವನ್ನು ಕಡೆಯುವ ಲೇತು ಯಂತ್ರ. ಅದರಲ್ಲಿಯೂ ಆ ಯಂತ್ರವನ್ನು ಕಟ್ಟಿದವರ ಕಥೆಗಿಂತ, ಅದನ್ನು ದಿನದಿನವೂ ಒರೆಸಿ, ಎಣ್ಣೆ ಹಾಕಿ, ಮಟ್ಟ ನೋಡಿ ಕಾಪಾಡಿದವರ ಕಥೆ. ಇತಿಹಾಸವು ಕಟ್ಟಿದವರ ಹೆಸರನ್ನು ಬರೆದಿಡುತ್ತದೆ, ಕಾಪಾಡಿದವರ ಹೆಸರನ್ನು ಮರೆಯುತ್ತದೆ. ನನಗೆ ಬಹುಕಾಲದಿಂದ ಕೊರೆಯುತ್ತಿರುವ ಸಂಗತಿ ಇದೇ.

ನಾನು ಹುಟ್ಟಿ ಬೆಳೆದದ್ದು ತುಂಗಭದ್ರೆಯ ದಡದ ಹರಿಹರದಲ್ಲಿ. ಊರಿಗೆ ಹೆಸರನ್ನಿತ್ತ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದನು. ಅಲ್ಲಿನ ಮಂಟಪದ ಕಂಬಗಳು ದುಂಡಗೆ, ನುಣ್ಣಗೆ, ಬಳೆ ತೊಡಿಸಿದಂತೆ ಏಣು ಏಣಾಗಿ ಕಡೆದಂಥವು. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆದುವಾಗಿರುತ್ತದೆ. ಕಲ್ಲನ್ನು ತಿರುಗಿಸುತ್ತ ಅದಕ್ಕೆ ಉಳಿಯನ್ನು ಹಿಡಿದು ಇಂಥ ಕಂಬಗಳನ್ನು ಸಿದ್ಧಪಡಿಸುತ್ತಿದ್ದರೆಂದು ಶಿಲ್ಪಶಾಸ್ತ್ರಜ್ಞರು ಹೇಳುತ್ತಾರೆ. ಬೇಲೂರು, ಹಳೇಬೀಡುಗಳಲ್ಲಿಯೂ ಇಂಥ ತಿರುಗಣೆಯ ಕಂಬಗಳನ್ನು ಕಾಣಬಹುದು. ನನಗೆ ಏಳೆಂಟು ವರ್ಷವಾಗಿದ್ದಾಗ ತಂದೆಯವರು ಒಂದು ಕಂಬದ ಮೇಲೆ ಬೆರಳಾಡಿಸುತ್ತ, “ನೋಡು ಮಗಳೇ, ಇದೂ ಲೇತಿನ ಕೆಲಸವೇ” ಎಂದು ಹೇಳಿದ್ದುದು ಇನ್ನೂ ನೆನಪಿದೆ.

ನಮ್ಮ ಭಾಷೆಯಲ್ಲಿ ‘ಕಡೆ’ ಎಂಬ ಒಂದೇ ಧಾತು ಎರಡು ಕೆಲಸಗಳಿಗೂ ಸಲ್ಲುತ್ತದೆ. ಅಜ್ಜಿ ಕಂಬಕ್ಕೆ ಹಗ್ಗ ಕಟ್ಟಿ ಮೊಸರನ್ನು ಕಡೆಯುತ್ತಿದ್ದಳು. ಚನ್ನಪಟ್ಟಣದ ಕುಶಲಕರ್ಮಿ ಆಲೆಮರವನ್ನು ಕಡೆದು ಬಣ್ಣದ ಬೊಂಬೆ ಮಾಡುತ್ತಾನೆ. ಕಡೆಯುವ ಕ್ರಿಯೆಯಲ್ಲಿ ತಿರುಗುವುದು ಒಂದು, ಸ್ಥಿರವಾಗಿ ನಿಲ್ಲುವುದು ಇನ್ನೊಂದು. ಲೇತಿನಲ್ಲಿ ವಸ್ತು ತಿರುಗುತ್ತದೆ, ಉಳಿ ನಿಂತಿರುತ್ತದೆ. ನಿಲ್ಲಬೇಕಾದುದು ಕೂದಲೆಳೆಯಷ್ಟು ಅಲುಗಾಡಿದರೂ ದುಂಡಗಾಗಬೇಕಾದುದು ದುಂಡಗಾಗದು. ಲೇತಿನ ನಿರ್ವಹಣೆಯೆಂಬ ಶಾಸ್ತ್ರದ ಸಾರವೆಲ್ಲ ಈ ಒಂದು ಮಾತಿನಲ್ಲಿಯೇ ಅಡಗಿದೆ.

1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್‌ಸ್ಲೇ ಎಂಬಾತನು ಉಳಿಯನ್ನು ಮನುಷ್ಯನ ಕೈಯಿಂದ ಬಿಡಿಸಿ ಕಬ್ಬಿಣದ ಜಾರುಪೀಠದ ಮೇಲೆ ಕೂರಿಸಿ, ಅದನ್ನು ತಿರುಪಿನ ಸರಳೊಂದರಿಂದ ನಡೆಸಿದನು. ಅಂದಿನಿಂದ ಒಂದೇ ಅಳತೆಯ ತಿರುಪುಗಳನ್ನು ಮತ್ತೆ ಮತ್ತೆ ಮಾಡುವುದು ಸಾಧ್ಯವಾಯಿತು. ಬೇರೆ ಯಂತ್ರಗಳ ಭಾಗಗಳನ್ನೂ, ಕಡೆಗೆ ತನ್ನದೇ ಭಾಗಗಳನ್ನೂ ತಾನೇ ಮಾಡಬಲ್ಲ ಯಂತ್ರವಿದು. ಯಂತ್ರಗಳ ತಾಯಿಯೆಂದು ಅದನ್ನು ಕರೆಯುವುದು ಅತಿಶಯೋಕ್ತಿಯಲ್ಲ.

ಈ ತಾಯಿ ನಮ್ಮೂರಿಗೆ ಬಂದದ್ದು 1941ರಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿ, ಕಬ್ಬಿಣದ ನೇಗಿಲು ಮಾಡಿ ಹೆಸರಾದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ ಮನೆತನವು ಆ ವರ್ಷ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಸ್ಥಾಪಿಸಿತು. ಎರಡನೆಯ ಮಹಾಯುದ್ಧದ ಕಾಲವದು. ವಿದೇಶದಿಂದ ಯಂತ್ರಗಳು ಬರುವುದು ದುರ್ಲಭವಾಗಿತ್ತು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರವೆಂದೇ ಹೆಸರಾಯಿತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ನೆರವಿನೊಡನೆ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಗೊಂಡಿತು. ಎಚ್.ಎಂ.ಟಿ. ಎಂದೊಡನೆ ನಮಗೆಲ್ಲ ಕೈಗಡಿಯಾರ ನೆನಪಾಗುತ್ತದೆ. ಆದರೆ ಗಡಿಯಾರದ ತಯಾರಿಕೆ ಆರಂಭವಾದದ್ದು 1961ರಲ್ಲಿ. ಅದಕ್ಕೂ ಮೊದಲು ಆ ಕಾರ್ಖಾನೆ ಹೆಸರು ಮಾಡಿದ್ದು ಲೇತುಗಳಿಂದ. 1962ರಲ್ಲಿ ಇಂಥ ಯಂತ್ರಗಳ ಸಂಶೋಧನೆಗೆಂದೇ ಕೇಂದ್ರೀಯ ಸಂಸ್ಥೆಯೊಂದು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಹೀಗೆ ಕನ್ನಡ ನಾಡು ಭಾರತದ ಯಂತ್ರೋಪಕರಣಗಳ ತೊಟ್ಟಿಲಾಯಿತು.

ನನ್ನ ತಂದೆಯವರು ಹರಿಹರದ ಆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಜೋಡಣೆಯಾದ ಲೇತನ್ನು ಹೊರಗೆ ಕಳುಹಿಸುವ ಮುನ್ನ ಅದರ ನಿಖರತೆಯನ್ನು ಪರೀಕ್ಷಿಸುವ ತಂಡದಲ್ಲಿ ಬಹುಕಾಲ ಕೆಲಸ ಮಾಡಿದರು. ಪ್ರತಿ ಯಂತ್ರದೊಡನೆಯೂ ಪರೀಕ್ಷಾ ಪತ್ರವೊಂದು ಹೋಗುತ್ತಿತ್ತು. ಯಾವ ಅಂಗ ಎಷ್ಟು ಓರೆಯಿರಬಹುದು, ನಿಜವಾಗಿ ಎಷ್ಟಿದೆ ಎಂಬ ಲೆಕ್ಕ ಅದರಲ್ಲಿರುತ್ತಿತ್ತು. ಈ ಪದ್ಧತಿಯ ಮೂಲ ಬರ್ಲಿನ್ನಿನ ಪ್ರಾಧ್ಯಾಪಕ ಗಿಯಾರ್ಗ್ ಷ್ಲೆಸಿಂಗರ್ ಅವರು 1927ರಲ್ಲಿ ಪ್ರಕಟಿಸಿದ ಕೃತಿ. ಯೆಹೂದಿಯಾದ ಅವರು ನಾಜಿ ಆಡಳಿತದ ಕಾಲದಲ್ಲಿ ಜರ್ಮನಿಯನ್ನು ತೊರೆದು ಕಡೆಗೆ ಇಂಗ್ಲೆಂಡ್ ಸೇರಿ, 1949ರಲ್ಲಿ ತೀರಿಕೊಂಡರು. ನೆಲೆ ತಪ್ಪಿದ ಒಬ್ಬ ವಿದ್ವಾಂಸನ ಅಳತೆಗೋಲು ತುಂಗಭದ್ರೆಯ ದಡದ ಒಬ್ಬ ಫಿಟ್ಟರನ ಕೈಗೆ ಬಂದದ್ದನ್ನು ನೆನೆದಾಗಲೆಲ್ಲ ನನಗೆ ಸೋಜಿಗವಾಗುತ್ತದೆ.

ಇನ್ನು ಒಮಾನಿನ ಮಾತು. ಕನ್ನಡ ನಾಡಿಗೂ ಮಸ್ಕತ್ತಿಗೂ ನಂಟು ಹೊಸದಲ್ಲ. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿಯೇ ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿ ಇಲ್ಲಿತ್ತು. ಮಂಗಳೂರಿನ ಬಂದರಿನಿಂದ ಅಕ್ಕಿ, ಮೆಣಸು, ಏಲಕ್ಕಿ, ಶ್ರೀಗಂಧಗಳು ಬರುತ್ತಿದ್ದವು. ಲೋಹವೂ ಈ ನೆಲಕ್ಕೆ ಹೊಸದಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮೆಸೊಪೊಟೇಮಿಯದ ಬರಹಗಳು ಮಗನ್ ಎಂದು ಕರೆದ ತಾಮ್ರದ ನಾಡು ಇದೇ ಎಂದು ಪ್ರಾಕ್ತನಶಾಸ್ತ್ರಜ್ಞರು ಗುರುತಿಸಿದ್ದಾರೆ. ಆದರೆ ಆಧುನಿಕ ಯಂತ್ರಶಾಲೆ ಇಲ್ಲಿ ಬೇರೂರಿದ್ದು ತೈಲದ ಬೆನ್ನಲ್ಲಿ. 1967ರ ಜುಲೈ ತಿಂಗಳಲ್ಲಿ ಮೀನಾ ಅಲ್ ಫಹಲ್‌ನಿಂದ ಮೊದಲ ತೈಲದ ಹಡಗು ಹೊರಟಿತು. 1970ರಲ್ಲಿ ಸುಲ್ತಾನ್ ಕಾಬೂಸ್ ಅವರು ಪಟ್ಟಕ್ಕೆ ಬಂದ ಮೇಲೆ ರಸ್ತೆ, ಬಂದರು, ವಿದ್ಯುತ್ತು, ನೀರಿನ ಪಂಪುಗಳು ಒಂದರ ಹಿಂದೆ ಒಂದಾಗಿ ಬಂದವು. ಪಂಪಿನ ದಂಡ ಸವೆದರೆ ಹೊಸದು ಹಡಗಿನಲ್ಲಿ ಬರಲು ವಾರಗಳು ಬೇಕು. ಒಳ್ಳೆಯ ಲೇತು, ಒಳ್ಳೆಯ ಟರ್ನರ್ ಇದ್ದರೆ ಒಂದು ದಿನ ಸಾಕು. ಹೀಗಾಗಿ ವಾದಿ ಕಬೀರ್, ಘಾಲಾ, ರುಸೈಲ್‌ಗಳಲ್ಲಿ ವರ್ಕ್‌ಶಾಪುಗಳು ಹುಟ್ಟಿಕೊಂಡವು. ನಮ್ಮೂರ ಕಡೆಯ ಐ.ಟಿ.ಐ. ಹುಡುಗರು ಸರ್ಟಿಫಿಕೇಟು ಹಿಡಿದು ಇಲ್ಲಿಗೆ ಬಂದರು. ನನ್ನ ಪತಿಯೂ ಅವರಲ್ಲೊಬ್ಬರು.

ಮದುವೆಯಾಗಿ ಇಲ್ಲಿಗೆ ಬಂದ ಮೊದಲ ವರ್ಷ, 1993ರಲ್ಲಿ, ಪತಿಗೆ ಊಟದ ಬುತ್ತಿ ಕೊಡಲು ಅವರ ವರ್ಕ್‌ಶಾಪಿಗೆ ಹೋಗಿದ್ದೆ. ಮೂಲೆಯಲ್ಲಿ ಹಸಿರು ಬಣ್ಣದ ಒಂದು ಲೇತು ನಿಂತಿತ್ತು. ಎರಕದ ಮೇಲೆ ಕಿರ್ಲೋಸ್ಕರ್ ಎಂಬ ಉಬ್ಬು ಅಕ್ಷರಗಳು. ಕೆಳಗಿನ ತಗಡಿನಲ್ಲಿ ಹರಿಹರ ಎಂಬ ಹೆಸರು. ಅಮ್ಮನ ಮನೆಯಿಂದ ಯಾರೋ ಬಂದು ನಿಂತಂತಾಯಿತು. ಅದರ ಪರೀಕ್ಷೆ ನನ್ನ ತಂದೆಯವರ ಕೈಯಲ್ಲಿಯೇ ಆಗಿತ್ತೋ ಏನೋ!

ಮರಳುಗಾಡಿನಲ್ಲಿ ಲೇತನ್ನು ಕಾಪಾಡುವುದು ಹರಿಹರದಲ್ಲಿ ಕಾಪಾಡಿದಷ್ಟು ಸುಲಭವಲ್ಲ. ಗಾಳಿಯಲ್ಲಿ ತೇಲಿಬರುವ ನುಣುಪು ದೂಳು ಎಣ್ಣೆಯೊಡನೆ ಬೆರೆತು ಸಾಣೆಯ ಹಿಟ್ಟಾಗುತ್ತದೆ. ಕ್ಯಾರೇಜು ಹಿಂದೆ ಮುಂದೆ ಓಡಾಡಿದಂತೆಲ್ಲ ಹಾಸನ್ನು, ಎಂದರೆ ಬೆಡ್ಡನ್ನು, ತಿನ್ನುತ್ತದೆ. ಸಮುದ್ರದ ಉಪ್ಪುಗಾಳಿ ಒರೆಸದೆ ಬಿಟ್ಟ ಉಕ್ಕಿನ ಮೈಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ಬೇಸಗೆಯ ತಾಪದಲ್ಲಿ ಅಳತೆಯೇ ಸುಳ್ಳಾಗುತ್ತದೆ: ಒಂದು ಮೀಟರ್ ಉದ್ದದ ಉಕ್ಕಿನ ಸರಳು ಹತ್ತು ಡಿಗ್ರಿ ಹೆಚ್ಚು ಕಾದರೆ ಸುಮಾರು 0.11 ಮಿಲಿಮೀಟರ್ ಉದ್ದವಾಗುತ್ತದೆ. ಜಗತ್ತಿನ ಎಲ್ಲ ಸೂಕ್ಷ್ಮ ಅಳತೆಗಳೂ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆಂದು ನಿಗದಿಯಾದಂಥವು. ಮಸ್ಕತ್ತಿನ ಜೂನ್ ತಿಂಗಳಿಗೆ ಈ ಲೆಕ್ಕ ತಿಳಿಯದು! ಆದ್ದರಿಂದ ಇಲ್ಲಿನ ಟರ್ನರುಗಳು ಸೂಕ್ಷ್ಮದ ಕೊನೆಯ ಕಡೆತವನ್ನು ಬೆಳಗಿನ ತಂಪಿಗೆ ಮೀಸಲಿಟ್ಟು, ಸ್ಪಿಂಡಲನ್ನು ಅರ್ಧ ಗಂಟೆ ಬರಿದೆ ಓಡಿಸಿ ಹದಕ್ಕೆ ತಂದ ಮೇಲೆಯೇ ಉಳಿ ಹಿಡಿಯುತ್ತಿದ್ದರು. ಸಂಜೆ ಸಿಪ್ಪೆಗಳನ್ನು ಕುಂಚದಿಂದ ಗುಡಿಸಿ, ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಮೇಲೆ ಹೊದಿಕೆ ಹೊದಿಸುತ್ತಿದ್ದರು. ಒತ್ತಡದ ಗಾಳಿಯಿಂದ ಊದುವುದು ನಿಷಿದ್ಧ. ಅದು ದೂಳನ್ನು ಹೊರಗೆ ಅಟ್ಟುವುದಕ್ಕಿಂತ ಸಂದಿಗಳೊಳಗೆ ತುರುಕುವುದೇ ಹೆಚ್ಚು.

2007ರ ಜೂನ್ 5 ಮತ್ತು 6ರಂದು ಗೋನು ಚಂಡಮಾರುತ ಒಮಾನಿನ ತೀರವನ್ನು ಅಪ್ಪಳಿಸಿತು. ಅಲ್ಲಿಯವರೆಗೆ ಅರಬ್ಬಿ ಸಮುದ್ರದಲ್ಲಿ ದಾಖಲಾಗಿದ್ದ ಚಂಡಮಾರುತಗಳಲ್ಲಿಯೇ ಅದು ಅತ್ಯಂತ ಪ್ರಬಲವಾದುದು. ಸುಮಾರು 50 ಮಂದಿ ಪ್ರಾಣ ಕಳೆದುಕೊಂಡರು. ವರ್ಷವೆಲ್ಲ ಒಣಗಿರುವ ವಾದಿಗಳು ಹೊಳೆಗಳಾದವು. ಪತಿಯವರ ವರ್ಕ್‌ಶಾಪು ಅಂಥದೊಂದು ವಾದಿಯ ಅಂಚಿನಲ್ಲಿತ್ತು. ಮೂರನೆಯ ದಿನ ಬಾಗಿಲು ತೆರೆದಾಗ ಲೇತಿನ ಹೆಡ್‌ಸ್ಟಾಕಿನ ಎತ್ತರಕ್ಕೆ ಕೆಸರಿನ ಗೆರೆಯೆದ್ದಿತ್ತು. ಮಾಲೀಕರು ಅದನ್ನು ಗುಜರಿಗೆ ಹಾಕುವುದೆಂದು ತೀರ್ಮಾನಿಸಿದರು. ಹಳೆಯ ಯಂತ್ರ, ಮುಳುಗಿದ ಯಂತ್ರ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಲೇತಿನ ಮುಂದೆ ನಿಂತು ಅನ್ನ ಸಂಪಾದಿಸುತ್ತಿದ್ದವರು ಇಬ್ಬರು. ಒಬ್ಬ ನಮ್ಮ ಗದಗದ ಕಡೆಯ ಟರ್ನರ್. ಇನ್ನೊಬ್ಬ ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಒಮಾನಿ ತರುಣ. ಪತಿ ಮಾಲೀಕರಲ್ಲಿ ಹದಿನೈದು ದಿನಗಳ ಗಡುವು ಬೇಡಿದರು.

ಅಂದು ರಾತ್ರಿ ಹರಿಹರಕ್ಕೆ ಫೋನು ಮಾಡಿದೆವು. ನಿವೃತ್ತರಾಗಿದ್ದ ತಂದೆಯವರು ಎಲ್ಲವನ್ನೂ ಕೇಳಿ, “ಮೊದಲು ಸ್ವಿಚ್ಚು ಮುಟ್ಟಬೇಡಿ. ನಾನು ಹೇಳುತ್ತೇನೆ, ಬರೆದುಕೊಳ್ಳಿ” ಎಂದರು. ಪತಿಯ ಕೈ ಕೆಸರು ಎಣ್ಣೆಗಳಲ್ಲಿ ದಿನವೆಲ್ಲ ಮುಳುಗಿರುತ್ತಿದ್ದುದರಿಂದ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತು. ಹಾಲು ತರಕಾರಿಗಳ ಲೆಕ್ಕದ ಪುಸ್ತಕದ ಹಿಂಬದಿಯ ಪುಟಗಳಲ್ಲಿ, ಹನ್ನೊಂದು ರಾತ್ರಿಗಳ ಕಾಲ, ನಾನು ಬರೆದೆ. ಯಂತ್ರದ ಮಾತೆಲ್ಲ ಕನ್ನಡದಲ್ಲಿಯೇ ಇತ್ತು.

ಮೋಟಾರನ್ನು ಬಿಚ್ಚಿ, ಒಣಗಿಸಿ, ಸುರುಳಿಯ ನಿರೋಧವನ್ನು ಪರೀಕ್ಷಿಸಿದರು. ಗೇರು ಪೆಟ್ಟಿಗೆಯ ಎಣ್ಣೆಯನ್ನು ಇಳಿಸಿದಾಗ ಅದು ನೀರು ಬೆರೆತು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ತಿಳಿ ಬರುವವರೆಗೆ ಮೂರು ಸಲ ತೊಳೆದು ಹೊಸ ಎಣ್ಣೆ ತುಂಬಿದರು. ಹಾಸಿನ ಮೇಲಿನ ತುಕ್ಕನ್ನು ಸೀಮೆಎಣ್ಣೆಯಿಂದಲೂ ನುಣುಪು ಎಣ್ಣೆಗಲ್ಲಿನಿಂದಲೂ ಬಿಡಿಸಬೇಕೇ ಹೊರತು ಮರಳು ಕಾಗದದಿಂದಲ್ಲ. ಅದರ ಕಣಗಳು ಸಂದಿಗಳಲ್ಲಿ ಉಳಿದು ಮುಂದೆ ಹಾಸನ್ನೇ ಕಡೆಯುತ್ತವೆ ಎಂದು ತಂದೆಯವರು ಎರಡು ಸಲ ಎಚ್ಚರಿಸಿದರು. ಕ್ಯಾರೇಜಿನ ತುದಿಗಳಲ್ಲಿ ದೂಳನ್ನು ತಡೆಯುವ ಫೆಲ್ಟಿನ ಒರೆಸುಗಳು ಕೊಳೆತುಹೋಗಿದ್ದವು. ರುವಿಯ ಅಂಗಡಿಯಿಂದ ಫೆಲ್ಟು ತಂದು, ನನ್ನ ಹೊಲಿಗೆಯ ಕತ್ತರಿಯಿಂದ ಹೊಸವನ್ನು ಕತ್ತರಿಸಿಕೊಟ್ಟೆ. ಈ ಇತಿಹಾಸದಲ್ಲಿ ನನ್ನ ಕೈಕೆಲಸ ಇಷ್ಟೇ.

ಹತ್ತನೆಯ ದಿನ ಯಂತ್ರ ತಿರುಗಿತು. ಆದರೆ ಕಡೆದ ಸರಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳ್ಳಗೆ ಬಂದಿತು. ಟೇಲ್‌ಸ್ಟಾಕಿನ ಆಸರೆಯಿಲ್ಲದೆ, ಬರಿಯ ಚಕ್ಕಿನಲ್ಲಿ ಹಿಡಿದು ಕಡೆದ 300 ಮಿಲಿಮೀಟರ್ ಸರಳಿನ ಎರಡು ತುದಿಗಳ ವ್ಯಾಸದಲ್ಲಿ 0.06 ಮಿಲಿಮೀಟರ್ ವ್ಯತ್ಯಾಸ. ಹಾಸು ಸವೆದುಹೋಗಿದೆ, ಇನ್ನು ಉಪಯೋಗವಿಲ್ಲ ಎಂದು ನೋಡಿದವರೆಲ್ಲ ಹೇಳಿದರು. ಫೋನಿನಲ್ಲಿ ತಂದೆಯವರು ನಕ್ಕರು. “ನಿನ್ನೆಯವರೆಗೆ ಸವೆಯದಿದ್ದ ಹಾಸು ಒಂದು ರಾತ್ರಿಯ ನೀರಿಗೆ ಸವೆಯುತ್ತದೆಯೇ? ಕೆಳಗಿನ ನೆಲ ಕುಸಿದಿರಬೇಕು. ಯಂತ್ರವನ್ನು ಬೈಯುವ ಮೊದಲು ಅದು ನಿಂತ ನೆಲವನ್ನು ನೋಡಿ” ಎಂದರು.

ಆಗ ಸೂಕ್ಷ್ಮವಾದ ರಸಮಟ್ಟವನ್ನು ಎರವಲು ತಂದರು. ಒಂದು ಮೀಟರಿಗೆ 0.02 ಮಿಲಿಮೀಟರ್ ಏರುಪೇರನ್ನು ಒಂದು ಗೆರೆಯಾಗಿ ತೋರಿಸುವ ಉಪಕರಣವದು. ಅದನ್ನು ಹಾಸಿನ ಮೇಲೆ ಅಡ್ಡಲಾಗಿ, ಮೊದಲು ಹೆಡ್‌ಸ್ಟಾಕಿನ ಬಳಿ, ಆಮೇಲೆ ಇನ್ನೊಂದು ತುದಿಯಲ್ಲಿ ಇಟ್ಟು ನೋಡಬೇಕು. ಎರಡು ಕಡೆಯೂ ಗುಳ್ಳೆ ಒಂದೇ ಜಾಗದಲ್ಲಿ ನಿಂತರೆ ಹಾಸು ನೆಟ್ಟಗಿದೆ. ಬೇರೆ ಬೇರೆಯಾಗಿ ನಿಂತರೆ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿದೆ ಎಂದರ್ಥ. ಟನ್ನಿನಷ್ಟು ತೂಗುವ ಎರಕದ ಕಬ್ಬಿಣವೂ ಪಾದವೊಂದು ಕುಸಿದರೆ ತಿರುಚಿಕೊಳ್ಳುತ್ತದೆಂಬುದು ನನಗೆ ಆಗಲೇ ತಿಳಿದದ್ದು. ನೀರು ನುಗ್ಗಿದಾಗ ಟೇಲ್‌ಸ್ಟಾಕಿನ ಕಡೆಯ ಒಂದು ಪಾದದ ಕೆಳಗಿನ ಕಾಂಕ್ರೀಟು ಇಳಿದುಹೋಗಿತ್ತು. ನೆಲವನ್ನು ಗಟ್ಟಿಮಾಡಿ, ಬೆಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸರಿಸಿ, ಬೋಲ್ಟು ಬಿಗಿದು, ಮತ್ತೆ ನೋಡಿ, ಮತ್ತೆ ಸರಿಸಿ ಎರಡು ದಿನ ಕಳೆಯಿತು. ಆಮೇಲೆ ಟೇಲ್‌ಸ್ಟಾಕನ್ನು ಪಕ್ಕದ ತಿರುಪುಗಳಿಂದ ಹೆಡ್‌ಸ್ಟಾಕಿನ ನೇರಕ್ಕೆ ತಂದರು. ಅದರ ಕೇಂದ್ರ ಕೂದಲೆಳೆಯಷ್ಟು ಮೇಲಿದ್ದರೆ ದೋಷವಿಲ್ಲ, ಕೆಳಗಿರಕೂಡದು; ಕಾಲಕ್ರಮದಲ್ಲಿ ಸವೆದು ಇಳಿಯುವುದು ಅದೇ. ಜಾರುಪೀಠದ ಗಿಬ್ ಪಟ್ಟಿಯನ್ನು ಹಿಡಿತ ಕೈಗೆ ತಿಳಿಯುವವರೆಗೆ ಬಿಗಿದು, ಒಂದಿಷ್ಟೇ ಸಡಿಲಿಸಿದರು. ಹೆಚ್ಚು ಬಿಗಿದರೆ ಸವೆತ, ಹೆಚ್ಚು ಸಡಿಲಿಸಿದರೆ ನಡುಕ. ಸಂಸಾರಕ್ಕೂ ಈ ಮಾತು ಒಪ್ಪುತ್ತದೆಂದು ತಂದೆಯವರು ಫೋನಿನಲ್ಲೇ ಹೇಳಿದರು.

ಹದಿನಾಲ್ಕನೆಯ ದಿನ ಬೆಳಿಗ್ಗೆ ಮತ್ತೊಂದು ಸರಳನ್ನು ಕಡೆದು ಮೈಕ್ರೋಮೀಟರ್ ಹಿಡಿದರು. ವ್ಯತ್ಯಾಸ 0.01 ಮಿಲಿಮೀಟರ್. ಮಾಲೀಕರು ಅಳತೆಯನ್ನು ತಾವೇ ನೋಡಿ, ಏನೂ ಮಾತನಾಡದೆ ಹೊಸ ಕೆಲಸದ ಚೀಟಿಯೊಂದನ್ನು ಲೇತಿನ ಮೇಲಿಟ್ಟು ಹೋದರು. ಚಂಡಮಾರುತದಲ್ಲಿ ಕೆಟ್ಟುಹೋಗಿದ್ದ ನೀರಿನ ಪಂಪೊಂದರ ದಂಡವನ್ನು ಕಡೆಯುವ ಕೆಲಸವದು.

ಆ ದಿನ ಒಮಾನಿ ತರುಣ ಹೇಳಿದ ಮಾತೊಂದನ್ನು ಇಲ್ಲಿ ದಾಖಲಿಸಬೇಕು. ಈ ದೇಶದಲ್ಲಿ ಬೆಟ್ಟದ ಬುಡದ ನೀರನ್ನು ಮೈಲಿಗಟ್ಟಲೆ ಕಾಲುವೆಗಳಲ್ಲಿ ಹರಿಸಿ ತರುವ ‘ಫಲಜ್’ ಎಂಬ ಪ್ರಾಚೀನ ವ್ಯವಸ್ಥೆಯಿದೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವನ ಅಜ್ಜ ತಮ್ಮ ಹಳ್ಳಿಯ ಫಲಜ್‌ನ ಆರೈಕೆಗೆ ನೇಮಕವಾಗಿದ್ದವರು. “ಫಲಜ್‌ಗಳನ್ನು ತೋಡಿದವರು ದಾವೂದರ ಮಗ ಸುಲೇಮಾನರ ಜಿನ್ನರು ಎಂದು ನಮ್ಮಲ್ಲಿ ಕಥೆಯಿದೆ. ಆದರೆ ಹೂಳು ತೆಗೆದವರು ಮನುಷ್ಯರೇ” ಎಂದನು ಆ ಹುಡುಗ. ಫಲಜ್‌ನ ನೀರಿನಲ್ಲಿ ಒಂದು ಪಾಲನ್ನು ಹರಾಜು ಹಾಕಿ, ಬಂದ ಹಣವನ್ನು ಅದರ ದುರಸ್ತಿಗೇ ಮೀಸಲಿಡುವ ರೂಢಿ ಇಲ್ಲಿದೆ.

ಇದನ್ನು ಕೇಳಿದಾಗ ಕಾಲೇಜಿನಲ್ಲಿ ಓದಿದ್ದ ನಮ್ಮ ಶಾಸನಗಳು ನೆನಪಾದವು. ಕನ್ನಡ ನಾಡಿನ ಅರಸರೂ ಗಾವುಂಡರೂ ಕೆರೆಯನ್ನು ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ. ಅದರ ಪಾಲನೆಗೆಂದು ‘ಬಿತ್ತುವಟ್ಟ’ವನ್ನು ಬಿಡುತ್ತಿದ್ದರು, ಹೂಳು ಹೊರುವ ಬಂಡಿಗೂ ಎತ್ತಿಗೂ ಭೂಮಿಯನ್ನು ದತ್ತಿ ಕೊಡುತ್ತಿದ್ದರು. ಕಟ್ಟುವುದು ಎಷ್ಟು ಪುಣ್ಯವೋ ಕಾಪಾಡುವುದೂ ಅಷ್ಟೇ ಪುಣ್ಯವೆಂಬುದನ್ನು ಅವರು ಕಲ್ಲಿನಲ್ಲಿ ಬರೆದಿಟ್ಟರು. ಆಮೇಲೆ ನಾವೇ ಅದನ್ನು ಮರೆತೆವು. ಯಾವ ಕಾರ್ಖಾನೆಯ ಅಡಿಗಲ್ಲಿನಲ್ಲಿಯೂ ಎಣ್ಣೆ ಹಾಕಿದವನ ಹೆಸರಿಲ್ಲ.

ಹರಿಹರದ ಆ ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿಯೇ ಮುಚ್ಚಿಹೋಗಿತ್ತು. ಗೋನು ಬಂದಾಗ ಬಿಡಿಭಾಗಕ್ಕೆ ಪತ್ರ ಬರೆಯೋಣವೆಂದರೆ ವಿಳಾಸವೇ ಇರಲಿಲ್ಲ. ಇದ್ದುದು ತಂದೆಯವರ ನೆನಪು ಮಾತ್ರ. ಅವರು 2011ರಲ್ಲಿ ನಮ್ಮನ್ನು ಅಗಲಿದರು. ಆ ಹನ್ನೊಂದು ರಾತ್ರಿ ನಾನು ಬರೆದುಕೊಳ್ಳದೆ ಇದ್ದಿದ್ದರೆ ಆ ವಿದ್ಯೆ ಅವರೊಡನೆಯೇ ಹೋಗುತ್ತಿತ್ತು. ಒಮಾನಿ ತರುಣನಿಗಾಗಿ ಪತಿಯವರು ಆ ಪುಟಗಳನ್ನು ಓದಿ ಓದಿ ಹೇಳಿದರು. ಅವನು ಅರಬ್ಬಿಯಲ್ಲಿ ಬರೆದುಕೊಂಡನು. ಇಂದು ಅವನೇ ಆ ವರ್ಕ್‌ಶಾಪಿನ ಮುಖ್ಯಸ್ಥ. ಹಸಿರು ಲೇತು ಈಗಲೂ ಅಲ್ಲಿದೆ. ಪ್ರತಿ ಗುರುವಾರ ಸಂಜೆ ಅದನ್ನು ಒರೆಸಿ, ಎಣ್ಣೆ ಸವರಿ, ಹೊದಿಕೆ ಹೊದಿಸುತ್ತಾರೆ. ಒಂದು ಹೊದಿಕೆ ನನ್ನ ಹಳೆಯ ಇಳಕಲ್ ಸೀರೆಯದು.

ಈ ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ನನ್ನದೊಂದು ಅರಿಕೆ. ನಿಮ್ಮ ಮನೆಗಳಲ್ಲಿಯೂ ಒಬ್ಬ ತಂದೆ, ಒಬ್ಬ ಮಾವ, ಒಬ್ಬ ಅಣ್ಣ ಯಾವುದೋ ಯಂತ್ರವನ್ನೋ ಕಾಲುವೆಯನ್ನೋ ಮಗ್ಗವನ್ನೋ ಬದುಕೆಲ್ಲ ಕಾಪಾಡಿಕೊಂಡು ಬಂದಿರಬಹುದು. ಅವರು ಹೇಳುವುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಹಾಲಿನ ಲೆಕ್ಕದ ಪುಸ್ತಕವಾದರೂ ಸಾಕು.